ದಾಯವೂ ಹೊಣೆಯೂ: ‘ಘಾಚರ್ ಘೋಚರ್’ ಕಥೆಯ ಒಂದು ವಿಮರ್ಶೆ

೧

ಉತ್ತರಾಧಿಕಾರವೆಂಬುದು ಕನ್ನಡ ಸಾಹಿತ್ಯಕ್ಕೆ ಹೊಸ ವಸ್ತುವಲ್ಲ. ಪಂಪನಿಂದ ಮೊದಲ್ಗೊಂಡು ಕುಮಾರವ್ಯಾಸನವರೆಗೆ ಭಾರತದ ಕಥೆಯನ್ನು ಹೇಳಿದ ಕವಿಗಳೆಲ್ಲರೂ ಒಂದು ಮನೆತನದ ಸೊತ್ತು ಯಾರಿಗೆ ಸಲ್ಲತಕ್ಕದ್ದೆಂಬ ವ್ಯಾಜ್ಯವನ್ನೇ ಹೇಳಿದರು. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ (೧೯೫೬) ಕೊಡಗಿನ ಅರಸುಮನೆ ಅಳಿದ ಬಗೆಯನ್ನು ಹೇಳಿದುದೂ ಇದೇ ಜಾತಿಯ ಕಥೆಯು. ಆದರೆ ಇವೆಲ್ಲವೂ ಸಿಂಹಾಸನದ ಸುತ್ತಲಿನ ಕಥೆಗಳು. ಸಿಂಹಾಸನದ ಸ್ಥಾನದಲ್ಲಿ ಗಲ್ಲಾಪೆಟ್ಟಿಗೆಯನ್ನಿರಿಸಿ, ಅದರ ಸುತ್ತಲೂ ಒಂದು ಸಂಸಾರವನ್ನು ಕುಳ್ಳಿರಿಸಿ, ಆ ಸಂಸಾರದ ಧರ್ಮಾಧರ್ಮಗಳನ್ನು ಪರೀಕ್ಷಿಸಿದ ಕೃತಿಗಳು ಕನ್ನಡದಲ್ಲಿ ವಿರಳ. ಶೆಟ್ಟರ ಮನೆ, ವರ್ತಕನ ಮನೆಗಳು ಕಥೆಗಳಲ್ಲಿ ಬರುವುವು ನಿಜ. ಆದರೆ ವ್ಯಾಪಾರವು ಅಲ್ಲಿ ಬಹುಮಟ್ಟಿಗೆ ಹಿನ್ನೆಲೆಯ ಪರದೆಯಾಗಿರುವುದು.

ವ್ಯವಹಾರಪ್ರಪಂಚವಾದರೋ ಹೀಗಿಲ್ಲ. ಬೆಂಗಳೂರಿನ ಪಶ್ಚಿಮಭಾಗದಲ್ಲಿ ರಾಜಾಜಿನಗರದಿಂದ ವಿಜಯನಗರದ ಮಾರ್ಗವಾಗಿ ನಾಯಂಡಹಳ್ಳಿಯವರೆಗೆ ನಡೆದುಹೋಗುವವನು ಅಂಗಡಿಗಳ ಮೇಲಣ ಹಲಗೆಗಳನ್ನು ಓದುತ್ತ ಹೋದರೆ ಸಾಕು: ತಂದೆಯ ಹೆಸರಿನೊಡನೆ ‘ಅಂಡ್ ಸನ್ಸ್’ ಎಂಬ ಬಾಲ, ‘ಬ್ರದರ್ಸ್’ ಎಂಬ ಜೋಡುಹೆಸರು, ಮಗಳ ಹೆಸರನ್ನಿಟ್ಟುಕೊಂಡ ಕಾರ್ಖಾನೆ. ಊರಿನ ಅನ್ನವು ಬಹುಭಾಗ ಇಂತಹ ಮನೆತನಗಳ ಉದ್ಯಮದಿಂದಲೇ ಹುಟ್ಟುತ್ತಿರುವಾಗ ಊರಿನ ಸಾಹಿತ್ಯವು ಅದರ ಒಳಗನ್ನು ನೋಡದಿದ್ದುದು ಒಂದು ಕೊರತೆಯೇ ಸರಿ.

ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ನೀಗಿಸಿದ ಕೃತಿಯು ಶ್ರೀ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ನೀಳ್ಗತೆ. ೨೦೧೩ರಲ್ಲಿ ಹೆಗ್ಗೋಡಿನ ಅಕ್ಷರ ಪ್ರಕಾಶನದವರು ಇದೇ ಹೆಸರಿನ ಸಂಕಲನದಲ್ಲಿ ಇದನ್ನು ಪ್ರಕಟಿಸಿದರು. ಶ್ರೀನಾಥ ಪೆರೂರರು ಮಾಡಿದ ಇಂಗ್ಲಿಷ್ ಅನುವಾದವು ೨೦೧೫ರಲ್ಲಿ ಹೊರಬಂದು, ಅನಂತರ ಸಮುದ್ರದಾಚೆಗೂ ವಾಚಕರನ್ನು ಸಂಪಾದಿಸಿತು. ಕೃತಿಯು ಗಾತ್ರದಲ್ಲಿ ಚಿಕ್ಕದು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಅದು ಎತ್ತುವ ಪ್ರಶ್ನೆಯು ಒಂದು ಸಂಜೆಯಲ್ಲಿ ಮುಗಿಯತಕ್ಕದ್ದಲ್ಲ.

೨

ಕಥಾವಸ್ತುವನ್ನು ಸಂಗ್ರಹವಾಗಿ ಹೇಳಬೇಕಾದರೆ ಇಷ್ಟು. ಬೆಂಗಳೂರಿನ ಒಂದು ಇಕ್ಕಟ್ಟಾದ ಮನೆಯಲ್ಲಿ ತಂದೆ, ತಾಯಿ, ಮಗ, ಮಗಳು, ಚಿಕ್ಕಪ್ಪ ಎಂದು ಐವರು ವಾಸಿಸುತ್ತಿದ್ದರು. ತಂದೆಯು ಚಹಾಪುಡಿಯ ವ್ಯಾಪಾರಸಂಸ್ಥೆಯೊಂದರಲ್ಲಿ ಮಾರಾಟಗಾರನು. ಅವನ ಸಂಬಳದಲ್ಲಿಯೇ ಎಲ್ಲರ ಜೀವನ, ತಮ್ಮನ ವಿದ್ಯಾಭ್ಯಾಸವೂ ಸೇರಿದಂತೆ. ಸಂಸ್ಥೆಯು ಅವನನ್ನು ಅವಧಿಗೆ ಮುಂಚೆಯೇ ನಿವೃತ್ತಿಗೊಳಿಸಿದಾಗ ಬಂದ ಹಣವು ಮೂಲಧನವಾಗಿ, ಚಿಕ್ಕಪ್ಪನ ಸಾಹಸವು ದುಡಿಮೆಯಾಗಿ ‘ಸೋನಾ ಮಸಾಲಾ’ ಎಂಬ ವ್ಯಾಪಾರವು ಹುಟ್ಟಿತು. ಮಸಾಲೆಯ ಪದಾರ್ಥಗಳನ್ನು ಸಗಟಾಗಿ ತರಿಸಿ ಸಣ್ಣ ಪೊಟ್ಟಣಗಳಲ್ಲಿ ತುಂಬಿ ಅಂಗಡಿಗಳಿಗೆ ಒದಗಿಸುವುದು ಅದರ ಕೆಲಸ. ವ್ಯಾಪಾರವು ಬೆಳೆಯಿತು, ಹೊಸ ಮನೆ ಬಂದಿತು, ಹೊಸ ಸಾಮಾನುಗಳು ಬಂದುವು. ಮಗಳು ಮಾಲತಿಯ ವಿವಾಹವು ಆಗಿ ಮುರಿಯಿತು. ಮಗನು, ಅಂದರೆ ಹೆಸರಿಲ್ಲದ ಕಥಾನಾಯಕನು, ಹೈದರಾಬಾದಿನ ಅನಿತಾ ಎಂಬವಳನ್ನು ಮದುವೆಯಾದನು. ಅವನಿಗೆ ವ್ಯಾಪಾರದಲ್ಲಿ ಹೆಸರಿಗೊಂದು ಸ್ಥಾನವಿದೆ. ತಿಂಗಳುತಿಂಗಳಿಗೆ ಹಣವು ಬ್ಯಾಂಕಿನ ಲೆಕ್ಕಕ್ಕೆ ಬಂದು ಬೀಳುತ್ತದೆ. ಮಾಡತಕ್ಕ ಕೆಲಸವು ಮಾತ್ರ ಏನೂ ಇಲ್ಲ. ಅವನು ಹಗಲೆಲ್ಲ ಕಾಫಿ ಹೌಸಿನಲ್ಲಿ ಕುಳಿತು, ವಿನ್ಸೆಂಟನೆಂಬ ಪರಿಚಾರಕನ ಮಿತವಾದ ಮಾತುಗಳಲ್ಲಿ ವೇದಾಂತವನ್ನು ಹುಡುಕುತ್ತಾನೆ.

ಸಿರಿಯು ಮನುಷ್ಯರನ್ನು ಕೆಡಿಸಿದ ಕಥೆ ಇದೆಂದು ಓದುವುದು ಸುಲಭ. ಅನೇಕರು ಹಾಗೆಯೇ ಓದಿರುವರು. ಹಣವು ನಮ್ರವಾಗಿದ್ದಾಗ ಮನುಷ್ಯನು ಅದನ್ನು ಆಳುವನು, ಅದು ಬೆಳೆದ ಮೇಲೆ ಅದೇ ಮನುಷ್ಯನನ್ನು ಆಳುವುದು ಎಂಬ ಅರ್ಥವು ಬರುವಂತೆ ಕಥೆಯ ಪಾತ್ರಗಳೂ ಆಲೋಚಿಸುವುದರಿಂದ ಈ ಓದಿಗೆ ಆಧಾರವಿಲ್ಲವೆನ್ನಲಾಗದು. ಆದರೆ ಅದು ಸಾಲದು. ಗ್ರಂಥಕರ್ತರು ಬಡತನದ ದಿನಗಳನ್ನು ಚಿತ್ರಿಸುವಾಗ ಆ ಹಳೆಯ ಮನೆಯ ಇರುವೆಗಳ ಪ್ರಕರಣವನ್ನು ತಂದಿರುವರು. ಆ ಮನೆಯವರು ಇರುವೆಗಳನ್ನು ಕೊಲ್ಲುವುದರಲ್ಲಿ ಕ್ರಮೇಣ ಒಂದು ಬಗೆಯ ಸುಖವನ್ನು ಕಾಣತೊಡಗುವರು. ಆಗಿನ್ನೂ ಸೋನಾ ಮಸಾಲಾ ಹುಟ್ಟಿರಲಿಲ್ಲ. ಹೊರಗಿನಿಂದ ಬಂದುದನ್ನೆಲ್ಲ ಹಗೆಯೆಂದು ಬಗೆಯುವ ಅಭ್ಯಾಸವು ಸಿರಿಗಿಂತ ಹಳೆಯದು. ಸಿರಿಯು ಅದಕ್ಕೆ ಉಪಕರಣಗಳನ್ನು ಒದಗಿಸಿತು, ಅಷ್ಟೆ. ಹಾಗಾದರೆ ಸಿರಿಯು ಬಂದಾಗ ಈ ಮನೆಯಲ್ಲಿ ನಿಜವಾಗಿ ಕೆಟ್ಟುಹೋದುದು ಯಾವುದು?

ಇದಕ್ಕೆ ಉತ್ತರವು ಬಡತನದ ದಿನಗಳ ಇನ್ನೊಂದು ಚಿತ್ರದಲ್ಲಿದೆ. ತಂದೆಯು ದಿನದ ಮಾರಾಟವನ್ನು ಮುಗಿಸಿ ಮನೆಗೆ ಬಂದು ಲೆಕ್ಕವನ್ನು ತಾಳೆ ನೋಡುವನು. ಒಂದು ರಾತ್ರಿ ಲೆಕ್ಕವು ಸರಿಹೊಂದದೆ ಹೋಗಲು, ಇಡೀ ಸಂಸಾರವೇ ಕಂಗೆಟ್ಟು ಸುತ್ತ ಕುಳಿತು ತಪ್ಪನ್ನು ಹುಡುಕುವುದು. ಹಣವು ಪರರದು, ಲೆಕ್ಕವು ಮಾತ್ರ ಮನೆಯವರೆಲ್ಲರದು. ವಾಚಕರು ಈ ಪ್ರಕರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆಯ ಉತ್ತರಾರ್ಧವನ್ನು ನೋಡಬೇಕು. ಅಲ್ಲಿ ಹಣವು ಮನೆಯವರೆಲ್ಲರದು, ಲೆಕ್ಕವನ್ನು ಮಾತ್ರ ಚಿಕ್ಕಪ್ಪನೊಬ್ಬನಲ್ಲದೆ ಬೇರೆ ಯಾರೂ ನೋಡರು, ಕೇಳರು, ಕೇಳತಕ್ಕದ್ದೆಂದೂ ಭಾವಿಸರು. ಸಂಸಾರದ ಒಗ್ಗಟ್ಟು ಮೊದಲಿನಂತೆಯೇ ಇದೆ, ಇನ್ನೂ ಬಿಗಿಯಾಗಿದೆ. ಹೋದುದು ಒಗ್ಗಟ್ಟಲ್ಲ, ಪರಿಶೀಲನೆ. ಒಗ್ಗಟ್ಟೇ ಆಡಳಿತವೆಂದು ತಿಳಿದ ಮನೆಗೆ ಒದಗುವ ಗತಿಯು ಈ ಕಥೆಯ ನಿಜವಾದ ವಸ್ತುವೆಂದು ಗ್ರಹಿಸಿದರೆ, ಬಿಡಿಬಿಡಿಯಾಗಿ ತೋರುವ ಅದರ ಪ್ರಸಂಗಗಳೆಲ್ಲವೂ ಒಂದೇ ಸೂತ್ರಕ್ಕೆ ಬಂದು ಸೇರುವುವು.

೩

ಈ ಅಭಿಪ್ರಾಯವನ್ನು ಸ್ಥಾಪಿಸುವುದಕ್ಕೆ ಧರ್ಮಶಾಸ್ತ್ರದ ಎರಡು ಪ್ರಕರಣಗಳ ನೆರವು ಬೇಕಾಗುವುದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ದಾಯವಿಭಾಗ’ವೆಂಬುದೊಂದು, ‘ಸಂಭೂಯಸಮುತ್ಥಾನ’ವೆಂಬುದು ಮತ್ತೊಂದು. ಮೊದಲನೆಯದು ಒಡಹುಟ್ಟಿದವರ ಮನೆತನದ ಸೊತ್ತಿನ ವಿಷಯ. ಎರಡನೆಯದು ಕೂಡಿ ವ್ಯಾಪಾರ ಮಾಡುವವರ ವಿಷಯ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ಭರತಖಂಡದ ಬಹುಭಾಗದಲ್ಲಿ ಶತಮಾನಗಳ ಕಾಲ ಮನೆತನಗಳ ಆಸ್ತಿಯನ್ನು ಹಂಚಿದ ಶಾಸ್ತ್ರವು ಕನ್ನಡನಾಡಿನ ನೆಲದ ಮೇಲೆ ಬರೆದುದೆಂಬುದನ್ನು ಇಲ್ಲಿ ಸ್ಮರಿಸುವುದು ಅನುಚಿತವಾಗದು.

ಮಿತಾಕ್ಷರೆಯ ಸಿದ್ಧಾಂತದಲ್ಲಿ ಪಿತ್ರಾರ್ಜಿತವಾದ ಸೊತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟು; ವಂಗದೇಶದಲ್ಲಿ ನಡೆಯುತ್ತಿದ್ದ ಜೀಮೂತವಾಹನನ ದಾಯಭಾಗದಲ್ಲಿಯಾದರೋ ತಂದೆಯ ಕಾಲಾನಂತರವೇ ಸ್ವತ್ವವು ಹುಟ್ಟುವುದು. ಸಂಭೂಯಸಮುತ್ಥಾನದ ನಿಯಮಗಳು ಬೇರೆ. ಅಲ್ಲಿ ಲಾಭನಷ್ಟಗಳು ಹಾಕಿದ ದ್ರವ್ಯದ ಪ್ರಮಾಣದಂತೆ ಅಥವಾ ಮಾಡಿಕೊಂಡ ಒಪ್ಪಂದದಂತೆ ಹಂಚಿಕೆಯಾಗುವುವು. ಉಳಿದವರು ನಿಷೇಧಿಸಿದ ಕಾರ್ಯವನ್ನು ಮಾಡಿಯೋ ಅಜಾಗರೂಕತೆಯಿಂದಲೋ ನಷ್ಟವುಂಟುಮಾಡಿದವನು ಅದನ್ನು ತಾನೇ ತುಂಬಿಕೊಡಬೇಕು. ಆಪತ್ತಿನಿಂದ ಸರಕನ್ನು ರಕ್ಷಿಸಿದವನು ಹತ್ತನೆಯ ಒಂದು ಪಾಲಿಗೆ ಅರ್ಹನು. ವಕ್ರವಾಗಿ ನಡೆದವನನ್ನು ಲಾಭಕೊಡದೆ ಹೊರಗೆ ಹಾಕಬೇಕು. ತಾನು ಮಾಡಲು ಶಕ್ತಿಯಿಲ್ಲದವನು ತನ್ನ ಪಾಲಿನ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸಬೇಕು. ವೃತ್ತಿನಿಪುಣರನ್ನು ನೇಮಿಸಿಕೊಳ್ಳಬೇಕೆಂದು ಇಂದಿನ ವಾಣಿಜ್ಯಶಾಲೆಗಳು ಬೋಧಿಸುವ ಪಾಠದ ಬೀಜವು ಈ ಕೊನೆಯ ಮಾತಿನಲ್ಲಿದೆ.

ಈಗ ಸೋನಾ ಮಸಾಲೆಯನ್ನು ನೋಡೋಣ. ಅದರಲ್ಲಿ ತಾತನ ಕಾಲದ ದುಡ್ಡು ಒಂದು ಕಾಸೂ ಇಲ್ಲ. ಅಣ್ಣನ ಸ್ವಾರ್ಜಿತ ಧನ, ತಮ್ಮನ ದುಡಿಮೆ. ಇಬ್ಬರದೂ ಅರ್ಧರ್ಧ ಪಾಲು. ಅದು ಶುದ್ಧವಾದ ಸಂಭೂಯಸಮುತ್ಥಾನ. ಆದರೆ ಆ ಮನೆಯವರು ಅದನ್ನು ಅವಿಭಕ್ತ ಕುಟುಂಬದ ದಾಯವೆಂದು ಭಾವಿಸಿ ಬಾಳುತ್ತಿರುವರು. ಕಥಾನಾಯಕನು ತನಗೆ ಹುಟ್ಟಿನಿಂದ ಬಂದ ಹಕ್ಕಿನ ಮೇಲೆ ಕುಳಿತಿರುವೆನೆಂದು ತಿಳಿದಿರುವನು. ವಾಸ್ತವದಲ್ಲಿ ಅವನು ಕುಳಿತಿರುವುದು ಇಬ್ಬರ ಕೃಪೆಯ ಮೇಲೆ. ಶಾಸ್ತ್ರದೃಷ್ಟಿಯಿಂದಲೂ ಶಾಸನದೃಷ್ಟಿಯಿಂದಲೂ ಅವನದೆಂಬುದು ಯಾವುದೂ ಇಲ್ಲ. ಈ ಮಿಥ್ಯಾಜ್ಞಾನವೇ ಕಥೆಯ ಎಲ್ಲ ಭಯಗಳಿಗೂ ಬೇರು.

ಮೊದಲನೆಯ ಭಯವು ತಂದೆಯ ವಿಷಯದ್ದು. ಹೊಸ ಸಿರಿಯಲ್ಲಿ ಮನಸ್ಸಿಲ್ಲದ ಈ ಪ್ರಾಮಾಣಿಕನು ತನ್ನ ಅರ್ಧಪಾಲನ್ನು ಯಾವುದಾದರೂ ಧರ್ಮಕಾರ್ಯಕ್ಕೆ ಬರೆದುಕೊಟ್ಟುಬಿಡಬಹುದೆಂಬ ಶಂಕೆಯು ಮನೆಯವರನ್ನು ಕಾಡುತ್ತದೆ. ಸೊತ್ತು ಸ್ವಾರ್ಜಿತವಾದುದರಿಂದ ಅವನು ಹಾಗೆ ಮಾಡಲು ಸ್ವತಂತ್ರನು, ಮಗನು ತಡೆಯಲಾರನು. ಮರಣಶಾಸನವಿಲ್ಲದೆ ಹೋದರೆ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಗಂಡನ ಮನೆಯನ್ನು ಬಿಟ್ಟುಬಂದ ಮಾಲತಿಯು ಈ ಮನೆಯಲ್ಲಿ ಅತಿಥಿಯಲ್ಲ, ಸೋದರನಷ್ಟೇ ಹಕ್ಕುದಾರಳು.

ಎರಡನೆಯ ಭಯವು ಚಿಕ್ಕಪ್ಪನ ವಿಷಯದ್ದು. ಒಂದು ದಿನ ಅಪರಿಚಿತಳಾದ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಕಾಣಲು ಬರುವಳು. ಅವನಿಗೆ ಪ್ರಿಯವೆಂದು ಮಸೂರ ಬೇಳೆಯ ಸಾರನ್ನು ಡಬ್ಬಿಯಲ್ಲಿ ತಂದಿರುವಳು. ಮನೆಯ ಹೆಂಗಸರು ಅವಳನ್ನು ಬಾಗಿಲಿನಲ್ಲಿಯೇ ಬಯ್ದು ಅಟ್ಟುವರು. ಒಳಗಿರುವ ಚಿಕ್ಕಪ್ಪನು ಹೊರಗೆ ಬಾರನು. ಓದಿದವರಿಗೆ ಮರೆಯಲಾಗದ ಪ್ರಸಂಗವಿದು. ಹೆಣ್ಣೇ ಹೆಣ್ಣಿಗೆ ಮಾಡಿದ ಕ್ರೌರ್ಯವೆಂದೂ, ಮಾನಸ್ಥರೆನಿಸಿಕೊಂಡವರ ಕಪಟವೆಂದೂ ಇದನ್ನು ವ್ಯಾಖ್ಯಾನಿಸಬಹುದು, ತಪ್ಪಲ್ಲ. ಆದರೆ ಉತ್ತರಾಧಿಕಾರದ ದೃಷ್ಟಿಯಿಂದ ನೋಡಿದರೆ ಆ ಸಾರಿನ ಡಬ್ಬಿಯ ತೂಕವೇ ಬೇರೆಯಾಗುವುದು. ಅವಿವಾಹಿತನೂ ನಿಸ್ಸಂತಾನನೂ ಆದ ಚಿಕ್ಕಪ್ಪನು ಹಾಗೆಯೇ ತೀರಿಕೊಂಡರೆ, ತಾಯಿತಂದೆಗಳಿಲ್ಲದಿರುವಲ್ಲಿ, ಅವನ ಅರ್ಧವು ಅಣ್ಣನಿಗೆ ಸಲ್ಲುವುದು. ಅಣ್ಣನೂ ಇಲ್ಲದಿದ್ದರೆ ಅಣ್ಣನ ಮಕ್ಕಳಿಗೆ. ಅವನು ಮದುವೆಯಾದನೋ, ಹೆಂಡತಿಯು ಪ್ರಥಮವರ್ಗದ ವಾರಸುದಾರಳು. ಅಣ್ಣನೂ ಅಣ್ಣನ ಮಕ್ಕಳೂ ಆ ಪಂಕ್ತಿಯಿಂದಲೇ ಏಳಬೇಕು. ಬಾಗಿಲಲ್ಲಿ ನಿಂತವಳು ಸಾರನ್ನು ತಂದ ಹೆಂಗಸಲ್ಲ, ಸೋನಾ ಮಸಾಲೆಯ ಅರ್ಧವನ್ನು ಕೊಂಡೊಯ್ಯಬಲ್ಲವಳು. ಆ ಹೆಂಗಸರು ಅಧಿನಿಯಮವನ್ನು ಓದಿದವರಲ್ಲ. ಆದರೂ ಅದರ ಪರಿಚ್ಛೇದಗಳನ್ನೆಲ್ಲ ಬಲ್ಲವರಂತೆ ನಡೆದುಕೊಂಡರು. ಶಾಸನವು ಮನೆಯೊಳಗೆ ಹೇಗೆ ಅಪಭಾಷೆಯಾಗಿ ಪರಿಣಮಿಸುವುದೆಂಬುದನ್ನು ಇಷ್ಟು ಸಂಕ್ಷೇಪವಾಗಿ ತೋರಿಸಿದ ಪ್ರಸಂಗವು ಕನ್ನಡದಲ್ಲಿ ಬೇರೊಂದು ಸುಲಭವಾಗಿ ನೆನಪಿಗೆ ಬಾರದು.

೪

ಕಥಾನಾಯಕನಿಗೆ ಕನ್ನಡದಲ್ಲಿ ಒಬ್ಬ ಪೂರ್ವಜನಿರುವನು. ವಡ್ಡಾರಾಧನೆಯ ಮೊದಲನೆಯ ಕಥೆಯಲ್ಲಿ ಬರುವ ಸುಕುಮಾರಸ್ವಾಮಿಯೂ ಸಿರಿವಂತ ಸೆಟ್ಟಿಯ ಮಗನು. ತಂದೆಯು ಮಗನ ಮುಖವನ್ನು ಕಂಡು ವೈರಾಗ್ಯಕ್ಕೆ ಸಂದನು. ಮನೆಯ ಆಡಳಿತವೆಲ್ಲವೂ ತಾಯಿಯಾದ ಯಶೋಭದ್ರೆಯ ಕೈಯಲ್ಲಿ. ಅರಸನೇ ಕೊಳ್ಳಲಾರದೆ ಬಿಟ್ಟ ರತ್ನಗಂಬಳಿಯನ್ನು ಕೊಂಡು, ಕತ್ತರಿಸಿ, ಮೂವತ್ತಿಬ್ಬರು ಸೊಸೆಯರಿಗೆ ಪಾದರಕ್ಷೆ ಮಾಡಿಸಿದ ಸಿರಿ ಅದು. ಮಗನು ಮಾತ್ರ ತನ್ನ ಮನೆಯ ಸೊತ್ತೆಷ್ಟೆಂದು ತಿಳಿಯನು. ದೀಪದ ಬೆಳಕಿಗೆ ಕಣ್ಣೀರು ಸುರಿಯುವಷ್ಟು ಕೋಮಲನಾಗಿ ಬೆಳೆಯುವನು. ಮಗನನ್ನು ಕಳೆದುಕೊಳ್ಳುವ ಭಯದಿಂದ ತಾಯಿಯು ಅವನನ್ನು ಎಲ್ಲ ಹೊಣೆಯಿಂದಲೂ ಎಲ್ಲ ತಿಳಿವಿನಿಂದಲೂ ದೂರವಿಟ್ಟಳು. ಆದರೆ ಸುಕುಮಾರನು ತಿಳಿವು ಬಂದೊಡನೆ ಮನೆಯನ್ನು ಬಿಟ್ಟು ನಡೆದನು. ಸೋನಾ ಮಸಾಲೆಯ ಕುಮಾರನು ತನ್ನ ಸ್ಥಿತಿಯನ್ನು ಬಲ್ಲವನಾದರೂ ಕಾಫಿ ಹೌಸಿನ ಕುರ್ಚಿಯಿಂದ ಏಳಲಾರನು. ಜ್ಞಾನವಿದ್ದೂ ಶಕ್ತಿಯಿಲ್ಲದಿರುವುದು ಆಧುನಿಕ ಕಥೆಯ ವಿಶೇಷ. ಗ್ರಂಥಕರ್ತರು ಈ ಸೋಮಾರಿತನದ ದುಃಖವನ್ನು ನಗುವಿನ ತೆಳುವಾದ ಮುಸುಕಿನಲ್ಲಿ ನಿರೂಪಿಸಿರುವುದು ಬಹು ಶ್ಲಾಘನೀಯವಾದುದು.

ಈ ಮನೆಗೆ ಪ್ರಶ್ನೆಯನ್ನು ತಂದವಳು ಅನಿತಾ. ಗಂಡನು ಪ್ರತಿದಿನ ಎಲ್ಲಿಗೆ ಹೋಗುವನು, ಏನು ಮಾಡುವನು, ಬರುವ ಹಣವು ಯಾವುದಕ್ಕಾಗಿ ಬರುವುದು ಎಂದು ಅವಳು ಕೇಳುತ್ತಾಳೆ. ಸ್ವಂತ ದುಡಿಮೆಯ ಅನ್ನವನ್ನು ತನ್ನಿರೆಂದು ಒತ್ತಾಯಿಸುತ್ತಾಳೆ. ಅವಳು ಜಗಳಗಂಟಿಯಾಗಿ ತೋರುವುದು ಆ ಮನೆಯವರ ಕಣ್ಣಿಗೆ. ವಾಚಕರ ಕಣ್ಣಿಗೆ ಅವಳು ಆ ವ್ಯಾಪಾರಕ್ಕೆ ದೊರೆತ ಮೊದಲನೆಯ ಲೆಕ್ಕಪರಿಶೋಧಕಳು. ಸಂಭೂಯಸಮುತ್ಥಾನದಲ್ಲಿ ಪಾಲುಗಾರರು ಒಬ್ಬರನ್ನೊಬ್ಬರು ತಡೆಯಬಲ್ಲರು, ಕೇಳಬಲ್ಲರು, ಹೊರಹಾಕಬಲ್ಲರು. ದುಡಿಯುವವನ ಋಣದಲ್ಲಿ ಎಲ್ಲರೂ ಬಿದ್ದಿರುವ ಮನೆಯಲ್ಲಿ ತಡೆಯುವವರು ಯಾರು? ಮಾಲತಿಯ ಒಡವೆಗಳನ್ನು ಅವಳ ಗಂಡನ ಮನೆಯಿಂದ ತರುವುದಕ್ಕೆ ಒರಟರ ನೆರವು ಬೇಕಾದಾಗ ಅದು ಒದಗಿತು. ಹೇಗೆ ಒದಗಿತೆಂದು ಯಾರೂ ಕೇಳಲಿಲ್ಲ. ಲೆಕ್ಕವನ್ನು ಕೇಳದವರು ಕ್ರಮೇಣ ಯಾವುದನ್ನೂ ಕೇಳದವರಾಗುವರು. ಕಥೆಯ ಕೊನೆಯಲ್ಲಿ ಅನಿತಾಳ ಸುತ್ತ ಕವಿಯುವ ಭೀತಿಯು, ಸ್ಪಷ್ಟವಾಗಿ ಹೇಳದೆಯೇ ಬಿಟ್ಟ ಆ ರಕ್ತದ ಕಲೆಯು, ಇದರ ಸಹಜವಾದ ಪರ್ಯವಸಾನ.

ಆದರೆ ಅನಿತಾಳ ಪಾತ್ರದಲ್ಲಿಯೇ ಕೃತಿಯ ಒಂದು ದೌರ್ಬಲ್ಯವೂ ಇದೆ. ಅಧ್ಯಾಪಕನ ಮಗಳಾದ ಅವಳ ಬಾಯಲ್ಲಿ ಸಂಬಳದ ಹಣವು ಪವಿತ್ರವೆಂಬ ಧ್ವನಿಯು ಬರುವುದು. ಗ್ರಂಥಕರ್ತರು ಅದನ್ನು ಬಹುಮಟ್ಟಿಗೆ ಪ್ರಶ್ನಿಸದೆ ಬಿಟ್ಟಿರುವರು. ದುಡಿಯುವ ಗಂಡನನ್ನು ಬಯಸುವವಳು ತಾನು ಏನನ್ನು ದುಡಿಯಬಯಸುವಳೆಂಬುದು ಕಥೆಯಲ್ಲಿ ಬೆಳೆಯದು. ಧರ್ಮದ ದನಿಯೆಲ್ಲವನ್ನೂ ಒಬ್ಬಳಿಗೇ ಕೊಟ್ಟುದರಿಂದ ಅವಳು ವ್ಯಕ್ತಿಗಿಂತ ಹೆಚ್ಚಾಗಿ ಒಂದು ಪಕ್ಷದ ವಕೀಲಳಂತೆ ಕೆಲವೆಡೆ ಕಾಣುವಳು.

ಇದಕ್ಕಿಂತ ದೊಡ್ಡ ಕೊರತೆಯು ಮತ್ತೊಂದುಂಟು. ಸೋನಾ ಮಸಾಲೆಯ ಕಥೆಯಲ್ಲಿ ಮಸಾಲೆಯ ಘಾಟೇ ಇಲ್ಲ. ಉಗ್ರಾಣದ ಒಳಗು, ಪೊಟ್ಟಣ ತುಂಬುವ ಕೈಗಳು, ಸಾಲಕೊಟ್ಟ ಅಂಗಡಿಯವನ ಮುಖ ಇವು ಯಾವುವೂ ಕಾಣಿಸವು. ನಿರೂಪಕನೇ ಅಲ್ಲಿಗೆ ಹೋಗದವನಾದುದರಿಂದ ಅವನ ಕಣ್ಣಿಗೆ ಕಾಣದುದು ವಾಚಕರಿಗೂ ಕಾಣದು ಎಂಬ ಸಮಾಧಾನವನ್ನು ಹೇಳಬಹುದು. ಅದು ಯುಕ್ತವಾದ ಸಮಾಧಾನವೇ. ಆದರೂ ಅದರಿಂದ ಆದ ನಷ್ಟವು ನಷ್ಟವೇ. ಮೈಸೂರು ರಸ್ತೆಯು ಹೊರವರ್ತುಲ ರಸ್ತೆಯನ್ನು ಕೂಡುವ ನಾಯಂಡಹಳ್ಳಿಯ ಕಡೆಗೆ, ವೃಷಭಾವತಿಯ ಆಸುಪಾಸಿನಲ್ಲಿ, ಹಳೆಯ ಪ್ಲಾಸ್ಟಿಕ್ಕನ್ನು ಬಣ್ಣಬಣ್ಣವಾಗಿ ಆರಿಸಿ, ತೊಳೆದು, ಪುಡಿಮಾಡಿ ಮಾರುವ ಕೊಟ್ಟಿಗೆಗಳಿವೆ. ೨೦೨೧ರಲ್ಲಿ ತೆರೆದ ಮೆಟ್ರೋ ನಿಲ್ದಾಣದ ಎತ್ತರದಿಂದ ಆ ಪ್ರದೇಶದ ತಗಡಿನ ಛಾವಣಿಗಳು ಕಾಣುವುವು. ಅಂತಹ ಕೊಟ್ಟಿಗೆಯಲ್ಲಿ ಒಡೆಯನೂ ಕೆಲಸಗಾರನೂ ಒಂದೇ ಧೂಳನ್ನು ಕುಡಿಯುವರು. ಗಂಡನು ತೂಕ ನೋಡಿದರೆ ಹೆಂಡತಿಯು ಹಣ ಎಣಿಸುವಳು. ಅಲ್ಲಿಯ ಮಗನು ಓದಿ ಹಿಂದಿರುಗಿದಾಗ, ಈ ಕೆಲಸಕ್ಕೆ ಕೈಹಾಕಲೇ ಬಿಡಲೇ ಎಂದು ಅವನಲ್ಲಿ ಹುಟ್ಟುವ ಪ್ರಶ್ನೆಯು ಕಾಫಿ ಹೌಸಿನ ಪ್ರಶ್ನೆಗಿಂತ ಕಠಿನವಾದುದು. ‘ಘಾಚರ್ ಘೋಚರ್’ ತೋರಿಸಿದುದು ಫಲವನ್ನು ಉಣ್ಣುವವರ ಕೋಣೆ. ಬೇಯಿಸುವವರ ಕೋಣೆಯು ಕನ್ನಡದಲ್ಲಿ ಇನ್ನೂ ಬರೆಯಲ್ಪಡಬೇಕಾಗಿದೆ.

೫

ಇಷ್ಟನ್ನು ಓದಿದವರಿಗೆ ಒಂದು ಶಂಕೆಯು ಹುಟ್ಟಬಹುದು. ಚಿಕ್ಕಪ್ಪನ ಸ್ಥಾನದಲ್ಲಿ ಸಂಬಳದ ನಿಪುಣನೊಬ್ಬನನ್ನು ನೇಮಿಸಿದ್ದರೆ ಈ ಅನರ್ಥವೆಲ್ಲ ತಪ್ಪುತ್ತಿತ್ತಲ್ಲವೆ? ಇದಕ್ಕೆ ಕಾಳಿದಾಸನು ರಘುವಂಶದ ಕೊನೆಯ ಸರ್ಗದಲ್ಲಿಯೇ ಉತ್ತರವನ್ನು ಇಟ್ಟಿರುವನು. ಅಗ್ನಿವರ್ಣನು ರಾಜ್ಯವನ್ನು ನಿಪುಣರಾದ ಮಂತ್ರಿಗಳಿಗೆ ಒಪ್ಪಿಸಿ ತಾನು ಅಂತಃಪುರವನ್ನು ಸೇರಿದನು. ಪ್ರಜೆಗಳಿಗೆ ದರ್ಶನ ಕೊಡಬೇಕಾದಾಗ ಗವಾಕ್ಷದಿಂದ ಒಂದು ಪಾದವನ್ನು ತೋರಿಸಿದನು. ಮಂತ್ರಿಗಳು ಸಮರ್ಥರು; ರಾಜ್ಯವು ಕೆಡಲಿಲ್ಲ. ಆದರೆ ಅರಸನ ರೋಗವನ್ನು ಪ್ರಜೆಗಳಿಂದ ಮುಚ್ಚಿಟ್ಟು, ಅವನು ಸತ್ತಾಗ ಅರಮನೆಯ ಉದ್ಯಾನದಲ್ಲಿಯೇ ಗುಟ್ಟಾಗಿ ದಹಿಸಬೇಕಾಯಿತು. ನೈಪುಣ್ಯವು ಇದ್ದಿತು, ಕೇಳುವವನು ಇರಲಿಲ್ಲ. ದಿಲೀಪನು ರಘುವಿಗೆ ಮೊದಲು ವಿದ್ಯೆಯನ್ನೂ ಬಳಿಕ ಯೌವರಾಜ್ಯದ ಹೊಣೆಯನ್ನೂ ಕೊಟ್ಟುದರಿಂದ ಆರಂಭವಾದ ವಂಶವು, ಹೊಣೆಯಿಲ್ಲದೆ ಅಧಿಕಾರವನ್ನು ಪಡೆದವನಲ್ಲಿ ಬಂದು ನಿಂತಿತು. ಪ್ರಶ್ನಿಸುವವರಿಲ್ಲದ ನಿಪುಣನು ಸಂಬಳಕ್ಕೆ ಬಂದ ಇನ್ನೊಬ್ಬ ಚಿಕ್ಕಪ್ಪನಾಗುವನು, ಅಷ್ಟೆ.

ಕಥೆಯಿಂದ ಹೊರಗೆ, ಬೆಂಗಳೂರಿನಲ್ಲಿಯೇ ನಡೆದ ಒಂದು ಚರಿತ್ರೆಯನ್ನು ಇದರ ಮಗ್ಗುಲಲ್ಲಿಟ್ಟು ನೋಡಬಹುದು. ಅದೂ ಮಸಾಲೆಯ ಪೊಟ್ಟಣದ ಚರಿತ್ರೆಯೇ. ದಕ್ಷಿಣ ಕನ್ನಡದ ಕಡೆಯಿಂದ ಬಂದ ಮಯ್ಯ ಸೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂ.ಟಿ.ಆರ್., ಎಂದು ಪ್ರಸಿದ್ಧವಾಯಿತು. ೧೯೭೫ರಿಂದ ೧೯೭೭ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ತಗ್ಗಿಸಿ ಗೊತ್ತುಮಾಡಿದಾಗ, ಗುಣವನ್ನು ಇಳಿಸಲೊಲ್ಲದೆ ಗೃಹವನ್ನು ಮುಚ್ಚಬೇಕಾಗಿ ಬಂದಿತು. ಕೆಲಸಗಾರರಿಗೆ ಉದ್ಯೋಗವನ್ನು ಉಳಿಸುವುದಕ್ಕಾಗಿ ಹಿಟ್ಟು, ಮಸಾಲೆಪುಡಿಗಳ ಪೊಟ್ಟಣಗಳ ವ್ಯಾಪಾರವು ಬೆಳೆಯಿತು. ಮುಂದಿನ ತಲೆಮಾರಿನಲ್ಲಿ ಉಪಾಹಾರಗೃಹವೂ ಪೊಟ್ಟಣದ ಉದ್ಯಮವೂ ಎರಡು ಕವಲುಗಳಾದುವು. ೨೦೦೭ರಲ್ಲಿ ಪೊಟ್ಟಣದ ಕವಲು ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯ ವಶವಾಯಿತು. ಗೃಹದ ಕವಲು ಮನೆತನದಲ್ಲಿಯೇ ಉಳಿದು, ಅದರ ಆಡಳಿತವು ಮುಂದೆ ಮಗಳ ಕೈಗೂ ಬಂದಿತು. ಪೊಟ್ಟಣದ ಉದ್ಯಮವನ್ನು ಬೆಳೆಸಿ ಮಾರಿದ ಸದಾನಂದ ಮಯ್ಯರು ಅನಂತರ ಬೇರೊಂದು ಆಹಾರೋದ್ಯಮವನ್ನು ಸ್ಥಾಪಿಸಿದರು.

ಒಂದು ಹೆಸರು, ಎರಡು ಒಡೆತನ. ಇದರಲ್ಲಿ ಮನೆತನಕ್ಕೆ ಬಂದುದು ಲಾಭವೋ ನಷ್ಟವೋ ಎಂಬುದನ್ನು ಆ ಮನೆತನದವರೇ ಹೇಳಬಲ್ಲರು. ಸಾಹಿತ್ಯವಿಮರ್ಶೆಗೆ ಬೇಕಾದುದು ಬೇರೆ: ಇಲ್ಲಿ ಯಾವುದು ಯಾರದೆಂಬುದು ನಿರ್ಣಯವಾಯಿತು. ಯಾವುದನ್ನು ಹಂಚಬೇಕು, ಯಾವುದನ್ನು ಮಾರಬೇಕು, ಯಾವುದನ್ನು ತಾವೇ ನಿಂತು ನಡೆಸಬೇಕು ಎಂಬ ಮಾತುಗಳು ಎಷ್ಟೇ ಕಹಿಯಾಗಿದ್ದರೂ ಬಾಯಿಂದ ಹೊರಬಿದ್ದುವು. ಸೋನಾ ಮಸಾಲೆಯ ಮನೆಯಲ್ಲಿ ಹೊರಬೀಳದೆ ಹೋದುದು ಈ ಮಾತುಗಳೇ. ಹಾರ್ವರ್ಡ್ ವಿದ್ಯಾಪೀಠದ ಟ್ಯಾಗಿಯೂರಿ ಮತ್ತು ಡೇವಿಸ್ ಎಂಬ ಪಂಡಿತರು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಇಂತಹ ಉದ್ಯಮಗಳನ್ನು ವಿವರಿಸಲು ಮೂರು ವರ್ತುಲಗಳನ್ನು ಬರೆದರು: ಮನೆತನ, ಒಡೆತನ, ಉದ್ಯೋಗ. ಒಬ್ಬನೇ ಮನುಷ್ಯನು ಮೂರರಲ್ಲಿಯೂ ಇರಬಹುದು, ಒಂದರಲ್ಲಿಯೇ ಇರಬಹುದು. ಯಾವ ಮಾತನ್ನು ಯಾವ ವರ್ತುಲದಲ್ಲಿ ನಿಂತು ಆಡುತ್ತಿರುವೆನೆಂಬುದು ಅವನಿಗೆ ತಿಳಿದಿರಬೇಕು. ದಾಯವಿಭಾಗವನ್ನೂ ಸಂಭೂಯಸಮುತ್ಥಾನವನ್ನೂ ಬೇರೆಬೇರೆ ಪ್ರಕರಣಗಳಾಗಿ ಬರೆದವರಿಗೆ ಈ ಭೇದವು ತಿಳಿದಿದ್ದಿತು. ಶಾನಭಾಗರ ಕಥೆಯಲ್ಲಿ ಈ ಮೂರು ವರ್ತುಲಗಳು ಒಂದರ ಮೇಲೊಂದು ಬಿದ್ದು ಒಂದೇ ಆಗಿಹೋಗಿವೆ. ಊಟದ ಮೇಜೇ ಕಚೇರಿ, ಕೃತಜ್ಞತೆಯೇ ಲೆಕ್ಕದ ಪುಸ್ತಕ, ಮೌನವೇ ಒಪ್ಪಂದಪತ್ರ.

ಕೃತಿಯ ಹೆಸರಿನ ಔಚಿತ್ಯವು ಇಲ್ಲಿಯೇ ಸ್ಪಷ್ಟವಾಗುವುದು. ‘ಘಾಚರ್ ಘೋಚರ್’ ಎಂಬುದು ಯಾವ ಕೋಶದಲ್ಲಿಯೂ ಇಲ್ಲದ, ಅನಿತಾಳ ತವರುಮನೆಯಲ್ಲಿ ಮಕ್ಕಳ ಆಟದಲ್ಲಿ ಹುಟ್ಟಿದ ಮಾತು. ಗಾಳಿಪಟದ ದಾರವು ಬಿಡಿಸಲಾರದಂತೆ ಸಿಕ್ಕಾದಾಗ ಹೇಳತಕ್ಕದ್ದು. ಸಿಕ್ಕಿನಲ್ಲಿ ದಾರವು ಹರಿದಿರುವುದಿಲ್ಲ. ಎಲ್ಲ ಎಳೆಗಳೂ ಇರುವುವು, ಇನ್ನೂ ಹತ್ತಿರವಾಗಿಯೇ ಇರುವುವು. ಯಾವ ಎಳೆಯ ತುದಿ ಯಾವುದೆಂಬುದು ಮಾತ್ರ ತಿಳಿಯದು. ಈ ಒಂದು ಅರ್ಥಹೀನ ಶಬ್ದದಿಂದ ಗ್ರಂಥಕರ್ತರು ಒಂದು ಮನೆತನದ ಸ್ಥಿತಿಯನ್ನೆಲ್ಲ ಧ್ವನಿಸಿರುವರು. ಭಾಷೆಯು ನಿರಾಭರಣವಾದುದು, ಉದ್ವೇಗದ ಪ್ರಸಂಗಗಳಲ್ಲಿಯೂ ದನಿಯನ್ನು ಏರಿಸದು. ನಿರೂಪಕನು ತನ್ನ ಮೇಲೆ ತಾನೇ ಸಾಕ್ಷ್ಯ ಹೇಳುತ್ತಿರುವನೆಂಬುದನ್ನು ಅರಿಯದವನಂತೆ ಮಾತಾಡುತ್ತಾನೆ, ತೀರ್ಪು ವಾಚಕರದಾಗುತ್ತದೆ. ಹೇಳದೆ ಬಿಡುವ ಈ ಸಂಯಮವೇ ಕೃತಿಯ ಮುಖ್ಯವಾದ ಗುಣ.

೬

ಕರ್ನಾಟಕದಲ್ಲಿ ೧೯೯೪ರಿಂದ, ದೇಶದಲ್ಲೆಲ್ಲ ೨೦೦೫ರಿಂದ, ಅವಿಭಕ್ತ ಕುಟುಂಬದ ಸೊತ್ತಿನಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಬಂದಿರುವುದು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಸ್ಸಂದಿಗ್ಧವಾಗಿ ಸ್ಥಿರಪಡಿಸಿತು. ಹಕ್ಕುದಾರರ ಸಂಖ್ಯೆಯು ಬೆಳೆದಿದೆ. ‘ಅಂಡ್ ಸನ್ಸ್’ ಎಂಬ ಹಲಗೆಯು ಶಾಸನದೃಷ್ಟಿಯಿಂದ ಈಗ ಅಪೂರ್ಣವಾದ ಹಲಗೆ. ಹಕ್ಕನ್ನು ಶಾಸನವು ಕೊಡಬಲ್ಲುದು. ಹೊಣೆಯನ್ನು, ಲೆಕ್ಕವನ್ನು ಕೇಳುವ ಧೈರ್ಯವನ್ನು, ಕೇಳಿದವರನ್ನು ಹಗೆಯೆಂದು ಬಗೆಯದ ಸಂಸ್ಕಾರವನ್ನು ಮನೆಯೇ ಬೆಳೆಸಬೇಕು. ವ್ಯಾಪಾರವಿರುವ ಮನೆಗಳಲ್ಲಿ ಮಕ್ಕಳು ಪ್ರಾಪ್ತವಯಸ್ಕರಾದಾಗ ವರ್ಷಕ್ಕೊಂದು ಸಲವಾದರೂ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ, ಸೊಸೆಯಂದಿರ ಮುಂದೆಯೂ, ತೆರೆದಿಡುವ ಪದ್ಧತಿಯಿದ್ದರೆ, ಅನಿತಾಳು ಜಗಳವಾಡಿ ಕೇಳಬೇಕಾದುದನ್ನು ಅವರು ಸಮಾಧಾನವಾಗಿ ಕೇಳಬಲ್ಲರು.

ಶ್ರೀ ಶಾನಭಾಗರು ಇಂತಹ ಉಪದೇಶವನ್ನು ಎಲ್ಲಿಯೂ ಮಾಡಿಲ್ಲ. ಮಾಡದಿರುವುದೇ ಅವರ ಹಿರಿಮೆ. ಕಥೆಯು ಒಂದು ಮನೆಯ ಬಾಗಿಲನ್ನು ತೆರೆದು ತೋರಿಸಿ ಸುಮ್ಮನಾಗುವುದು. ಆದುದರಿಂದ ಈ ಸಣ್ಣ ಗ್ರಂಥವನ್ನು ಸಾಹಿತ್ಯರಸಿಕರು ಮಾತ್ರವಲ್ಲದೆ, ಅಂಗಡಿಯನ್ನೋ ಕಾರ್ಖಾನೆಯನ್ನೋ ಮಕ್ಕಳಿಗೆ ಬಿಟ್ಟುಹೋಗುವ ಯೋಚನೆಯಲ್ಲಿರುವ ಗೃಹಸ್ಥರೂ ಗೃಹಿಣಿಯರೂ ಓದತಕ್ಕದ್ದು. ಸಾಧ್ಯವಾದರೆ ಆ ಮಕ್ಕಳೊಡನೆ ಕುಳಿತು ಓದತಕ್ಕದ್ದು. ಉಗ್ರಾಣದ ಒಳಗಿನಿಂದ, ದುಡಿಯುವವರ ಕಣ್ಣಿನಿಂದ ಇದೇ ವಸ್ತುವನ್ನು ಕಂಡು ಬರೆಯುವ ಲೇಖಕರು ನಾಯಂಡಹಳ್ಳಿಯಂತಹ ಊರುಗಳಿಂದಲೇ ಬರಲಿ ಎಂಬುದು ಕನ್ನಡ ವಾಚಕರ ನಿರೀಕ್ಷೆ.